ಅಮೃತಬಳ್ಳಿ ಕಷಾಯ: ದಿನಾ ಕುಡಿಯೋದು ಸರಿನಾ?

ಇವತ್ತಿನ ಎಪಿಸೋಡ್ ಅಮೃತಬಳ್ಳಿ ಬಗ್ಗೆ. ಹಿಂದಿಯಲ್ಲಿ ಗಿಲೋಯ್ ಅಂತಾರಲ್ಲ, ಅದೇ. ಹೃದಯದ ಆಕಾರದ ಎಲೆ, ಬೇವಿನ ಮರಕ್ಕೋ ಬೇಲಿಗೋ ಹಬ್ಬಿರುವ ಬಳ್ಳಿ. ಕತ್ತರಿಸಿದ ತುಂಡು ನೆಟ್ಟರೂ ಮತ್ತೆ ಚಿಗುರುತ್ತೆ.

ನಮ್ಮ ಅಜ್ಜಿಯರು ಇದನ್ನ ಹೇಗೆ ಬಳಸ್ತಿದ್ರು? ಜ್ವರ ಬಂದಾಗ ಬೆರಳುದ್ದ ಕಾಂಡ ಜಜ್ಜಿ, ಶುಂಠಿ, ಕಾಳುಮೆಣಸಿನ ಜೊತೆ ಕುದಿಸಿ ಕಷಾಯ ಮಾಡೋರು. ಸಿಕ್ಕಾಪಟ್ಟೆ ಕಹಿ. ಜ್ವರ ಬಿಡ್ತು ಅಂದ್ರೆ ಕಷಾಯವೂ ನಿಲ್ತು.

ಕೋವಿಡ್ ಬಂದಾಗ ಈ ಲೆಕ್ಕ ತಪ್ಪಿತು. 'ಇಮ್ಯುನಿಟಿ ಬೂಸ್ಟರ್' ಅಂತ ಜ್ಯೂಸ್, ಮಾತ್ರೆ, ಪುಡಿ ಎಲ್ಲಾ ಬಂತು. ಆರೋಗ್ಯವಾಗಿದ್ದವರೂ ತಿಂಗಳುಗಟ್ಟಲೆ ದಿನಾ ಕುಡಿದ್ರು. 2021ರಲ್ಲಿ ಮುಂಬೈ ವೈದ್ಯರು, ಅಮೃತಬಳ್ಳಿ ಸೇವಿಸಿದ್ದ 6 ಜನರಲ್ಲಿ ಲಿವರ್‌ಗೆ ಹಾನಿಯಾಗಿದ್ದನ್ನ ವರದಿ ಮಾಡಿದ್ರು. ಆಯುಷ್ ಸಚಿವಾಲಯ ಇದನ್ನ ಒಪ್ಪಲಿಲ್ಲ. ಇದೇ ಥರ ಕಾಣುವ ಇನ್ನೊಂದು ಬಳ್ಳಿ ಇದೆ, ಟಿನೊಸ್ಪೊರಾ ಕ್ರಿಸ್ಪಾ. ಅದು ವಿಷಕಾರಿ ಆಗಬಹುದು, ಜನ ಗೊಂದಲ ಮಾಡ್ಕೊಂಡಿರಬಹುದು ಅಂತು.

ವ್ಯತ್ಯಾಸ ಗುರುತಿಸೋದು ಹೇಗೆ? ಅಸಲಿ ಅಮೃತಬಳ್ಳಿಯ ಕಾಂಡ ಹಸಿರು ಛಾಯೆಯದ್ದು, ಮುರಿದರೆ ಹಾಲು ಬರಲ್ಲ, ಹಣ್ಣು ದುಂಡಗೆ, ಕೆಂಪು. ಇನ್ನೊಂದರ ಕಾಂಡ ಬೂದು, ಮೈಯೆಲ್ಲಾ ಗಂಟುಗಂಟು, ಮುರಿದರೆ ಹಾಲಿನಂಥ ರಸ.

ಆದ್ರೆ ಕಥೆ ಇಲ್ಲಿಗೇ ಮುಗಿಯಲ್ಲ. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳಿಂದ 43 ರೋಗಿಗಳ ಅಧ್ಯಯನ ಬಂತು. ಅದರ ಪ್ರಕಾರ ಅಸಲಿ ಅಮೃತಬಳ್ಳಿಯೂ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆಯನ್ನ ಕೆರಳಿಸಿ, ಅದು ಸ್ವಂತ ಲಿವರ್ ಮೇಲೇ ತಿರುಗಿಬೀಳೋ ಹಾಗೆ ಮಾಡಬಹುದು. ಇಮ್ಯುನಿಟಿ ಹೆಚ್ಚಿದಷ್ಟೂ ಒಳ್ಳೇದು ಅನ್ನೋದು ತಪ್ಪು ಕಲ್ಪನೆ.

ಹಾಗಾಗಿ ಲಿವರ್ ತೊಂದರೆ, ಆಟೋಇಮ್ಯೂನ್ ಕಾಯಿಲೆ ಇರೋರು, ಶುಗರ್ ಮಾತ್ರೆ ತಗೊಳ್ಳೋರು ವೈದ್ಯರನ್ನ ಕೇಳದೆ ಮುಟ್ಟಬೇಡಿ. ಕುಡೀತಾ ಇರೋರಿಗೆ ಕಣ್ಣು ಹಳದಿಯಾದ್ರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ, ಹಸಿವೇ ಇಲ್ಲ ಅನ್ನಿಸಿದ್ರೆ ತಕ್ಷಣ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಏನು ಕುಡಿದ್ರಿ, ಎಷ್ಟು ದಿನ ಕುಡಿದ್ರಿ ಅನ್ನೋದನ್ನ ಮುಚ್ಚಿಡದೆ ಹೇಳಿ. 'ಅದು ಬರೀ ಕಷಾಯ ಅಲ್ವಾ' ಅಂತ ಬಿಟ್ಟುಬಿಡಬೇಡಿ.

ಅಜ್ಜಿ ಹೇಳಿದ ಗಿಡ ನೆನಪಿಟ್ಕೊಂಡ್ವಿ, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಮರೆತ್ವಿ. ಮನೆ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರಾದ್ರೂ ದಿನಾ ಕುಡೀತಿದ್ರೆ ಇದನ್ನ ಕಳಿಸಿ. ಮತ್ತೆ ಸಿಗೋಣ.