ಹೆಬ್ಬೆರಳಿನಷ್ಟು ಪ್ಲೇಯರ್‌ನೊಳಗೆ ಅಮ್ಮನ ದನಿ

ನನ್ನ ಹಳೇ ಎಂಪಿ3 ಪ್ಲೇಯರ್ ಇವತ್ತಿಗೂ ಬದುಕಿದೆ ಅಂದ್ರೆ ಅದಕ್ಕೆ ಕಾರಣ ನಮ್ಮನೆಯ ಟಿವಿ ರಿಮೋಟ್. ನಾನು ಇಂಜಿನಿಯರಿಂಗ್ ಓದೋಕೆ ಹುಬ್ಬಳ್ಳಿಗೆ ಹೋದ ಮೇಲೆ ಒಂದಿನ ರಿಮೋಟಿನ ಸೆಲ್ ಮುಗಿದಿದೆ. ಅಪ್ಪ ನನ್ನ ಪ್ಲೇಯರ್ ಬಿಚ್ಚಿ, ಅದರಲ್ಲಿದ್ದ ಸಣ್ಣ ಪೆನ್ಸಿಲ್ ಸೆಲ್ ಕಿತ್ತು ರಿಮೋಟಿಗೆ ಹಾಕಿದ್ದಾರೆ. ರಜೆಗೆ ಬಂದಾಗ ಇದು ಗೊತ್ತಾಗಿ ಸಣ್ಣದೊಂದು ಜಗಳವನ್ನೂ ಆಡಿದ್ದೆ. ಈಗ ಅನಿಸುತ್ತೆ, ಸೆಲ್ ಒಳಗೇ ಉಳಿದಿದ್ದರೆ ಇಷ್ಟು ವರ್ಷದಲ್ಲಿ ಅದು ಸೋರಿ, ಸ್ಪ್ರಿಂಗು, ತಾಮ್ರದ ಪಟ್ಟಿ ಎಲ್ಲ ಹಸಿರುಗಟ್ಟಿ ಹೋಗಿರುತ್ತಿತ್ತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿ ಅದು ಸಿಕ್ಕಿತು. ನಮ್ಮೂರು ಹಾನಗಲ್ಲ ತಾಲ್ಲೂಕಿನಲ್ಲಿ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಬೆಳ್ಳಿ ಬಣ್ಣದ ಡಬ್ಬಿ, ಎರಡು ಸಾಲು ಅಕ್ಷರ ಕಾಣೋ ನೀಲಿ ಪರದೆ, 1 ಜಿಬಿ ಜಾಗ. ಹೆಸರಿಲ್ಲದ ಚೀನಾ ಮಾಲು. ಹೈಸ್ಕೂಲಿನಲ್ಲಿದ್ದಾಗ ಸೋದರಮಾವ ಹುಬ್ಬಳ್ಳಿಯಿಂದ ತಂದುಕೊಟ್ಟಿದ್ದು. ಈ ಸಲ ರಿಮೋಟಿನ ಸೆಲ್ ಕೀಳುವ ಸರದಿ ನನ್ನದು. ಹಾಕಿದೆ, ಬಟನ್ ಒತ್ತಿ ಹಿಡಿದೆ, ಪರದೆ ನೀಲಿಯಾಯಿತು.

ಆಗಿನ ಕಾಲದಲ್ಲಿ ಇದಕ್ಕೆ ಹಾಡು ತುಂಬಿಸೋದೇ ಒಂದು ಕೆಲಸ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇಂಟರ್‌ನೆಟ್ಟಂತೂ ಇಲ್ಲವೇ ಇಲ್ಲ. ಹಾನಗಲ್ಲ ಪ್ಯಾಟಿಯ ಮೊಬೈಲ್ ಅಂಗಡಿಗೆ ಹೋಗಿ, ಗಾಜಿನ ಟೇಬಲ್ ಮೇಲೆ ಪ್ಲೇಯರ್ ಇಟ್ಟು, ‘ಅಣ್ಣಾ, ಮುಂಗಾರು ಮಳೆ ಹಾಕ್ರಿ, ರಾಜಕುಮಾರ್ ಹಳೇವು ಹಾಕ್ರಿ, ಶರೀಫರವು ಹಾಕ್ರಿ’ ಅಂತ ಹೇಳಬೇಕು. ಆತ ಫೋಲ್ಡರ್ ಎಳೆದು ಬಿಡುತ್ತಿದ್ದ. ಅದು ಕಾಪಿರೈಟಿನ ಲೆಕ್ಕದಲ್ಲಿ ಕಳ್ಳಮಾಲು ಅನ್ನೋದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ ಬಿಡಿ. 128 ಕೆಬಿಪಿಎಸ್ ಎಂಪಿ3 ಆದರೆ ಒಂದು ನಿಮಿಷಕ್ಕೆ ಹೆಚ್ಚುಕಮ್ಮಿ 1 ಎಂಬಿ. ಐದು ನಿಮಿಷದ ಹಾಡು ಅಂತ ಹಿಡಿದರೆ 1 ಜಿಬಿಗೆ ಇನ್ನೂರು ಹಾಡು. ಹೊಸದು ಬೇಕಂದ್ರೆ ಹಳೇದು ಅಳಿಸಲೇಬೇಕು. ಯಾವುದನ್ನ ಅಳಿಸೋದು ಅಂತ ರಾತ್ರಿ ಮಲಗಿ ಲೆಕ್ಕ ಹಾಕಿದ್ದೂ ಉಂಟು.

ಆಗ ತಲೆ ಕೆಡಿಸಿದ ಇನ್ನೊಂದು ವಿಷಯ, ಹಾಡುಗಳ ಸಾಲು. ಹೆಸರಿನ ಮುಂದೆ 01, 02 ಅಂತ ನಂಬರ್ ಹಾಕಿಸಿದರೂ ಅದು ತನಗೆ ತಿಳಿದಂಗೆ ಹಾಡುತ್ತಿತ್ತು. ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಫ್ಯಾಟ್ ಫೈಲ್ ಸಿಸ್ಟಮ್ ಬಂದಾಗಲೇ ಗುಟ್ಟು ತಿಳಿದದ್ದು. ಇಂಥ ಅಗ್ಗದ ಪ್ಲೇಯರ್‌ಗಳು ಹೆಸರು ನೋಡಲ್ಲ, ಫೈಲುಗಳು ಯಾವ ಸಾಲಿನಲ್ಲಿ ಕಾಪಿಯಾಗಿ ಡೈರೆಕ್ಟರಿಯಲ್ಲಿ ಕೂತಿವೆಯೋ ಅದೇ ಸಾಲಿನಲ್ಲಿ ಹಾಡುತ್ತವೆ. ಹಿಂದಿನ ಬೆಂಚಿನಲ್ಲಿ ಕೂತು ‘ಅಯ್ಯೋ ಇದಾ!’ ಅಂದಿದ್ದೆ. ಆ ಸೆಮಿಸ್ಟರಿನಲ್ಲಿ ನನಗೆ ಪೂರ್ತಿ ಅರ್ಥವಾದ ಪಾಠ ಅದೊಂದೇ ಇರಬೇಕು.

ಹಾನಗಲ್ಲಿನಿಂದ ಬಂಕಾಪುರ, ಶಿಗ್ಗಾವಿ ದಾಟಿ ಹುಬ್ಬಳ್ಳಿಗೆ ಹೋಗೋ ಬಸ್ಸಿನಲ್ಲಿ ಒಂದು ಕಿವಿ ನನಗೆ, ಒಂದು ಕಿವಿ ಗೆಳೆಯನಿಗೆ. ಶಿಗ್ಗಾವಿ ಸ್ಟ್ಯಾಂಡಿನಲ್ಲಿ ಬಸ್ ನಿಂತಾಗ ಸಿ. ಅಶ್ವತ್ಥರ ದನಿಯಲ್ಲಿ ಶರೀಫರ ಪದ ಬಂದರೆ ಏನೋ ಖುಷಿ. ಶಿಶುನಾಳ ಇರೋದು ಇದೇ ತಾಲ್ಲೂಕಿನಲ್ಲಲ್ವಾ? 1819ರಲ್ಲಿ ಹುಟ್ಟಿದ ಮನುಷ್ಯನ ಪದ, ನೂರಾರು ಬಾಯಿ ದಾಟಿ, ಕ್ಯಾಸೆಟ್ ದಾಟಿ, 1990ರ ನಾಗಾಭರಣರ ಸಿನಿಮಾ ದಾಟಿ, ಕೊನೆಗೆ ನನ್ನ ಜೇಬಿಗೆ ಬಂದು ಕೂತಿತ್ತು.

ಹಳೇ ಹಾಡೆಲ್ಲ ಹಾಗೇ ಇದೆಯಾ ನೋಡೋಣ ಅಂತ ಅಟ್ಟದ ಮೇಲೇ ಕೂತು ಒಂದೊಂದೇ ಬಟನ್ ಒತ್ತುತ್ತಾ ಹೋದೆ. ಮ್ಯೂಸಿಕ್, ರೆಕಾರ್ಡ್, ವಾಯ್ಸ್. ವಾಯ್ಸ್ ಅನ್ನೋ ಫೋಲ್ಡರಿನಲ್ಲಿ ನಾಲ್ಕು ಫೈಲ್ ಇದ್ದವು. ಮೊದಲನೆಯದರಲ್ಲಿ ಗಂಟಲು ಒಡೆಯುತ್ತಿದ್ದ ಹುಡುಗನೊಬ್ಬ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಅಂತಿದ್ದ. ಅದು ನಾನೇ. ಎರಡನೆಯದು ಒತ್ತಿದೆ. ಗುಳುಗುಳು ಅಂತ ನೀರು ಕುದಿಯುವಂಥ ಸದ್ದು, ಒಂದು ಕೆಮ್ಮು, ಆಮೇಲೆ ಅಮ್ಮ ಹಾಡೋಕೆ ಶುರು ಮಾಡಿದಳು.

ನಮ್ಮ ಕಡೆ ಹೆತ್ತಾಕಿ ಅವ್ವ, ಅಜ್ಜಿ ಅಮ್ಮ. ಅಮ್ಮ ತೀರಿಕೊಂಡದ್ದು 2016ರಲ್ಲಿ. ಆಕೆಯ ಫೋಟೊ ಮನೆಯಲ್ಲಿ ಹತ್ತಾರಿವೆ. ದನಿ ಒಂದೂ ಇಲ್ಲ ಅಂತ ನಾವೆಲ್ಲ ತಿಳಿದಿದ್ದೆವು. ನಾನೇ ರೆಕಾರ್ಡ್ ಮಾಡಿದ್ದು ನನಗೇ ನೆನಪಿರಲಿಲ್ಲ. ಕೆಳಗೆ ಅವ್ವ ಚಹಾಕ್ಕೆ ಕರೆಯುತ್ತಿದ್ದಳು. ಒಂದು ನಿಮಿಷದ ಹಾಡು ಮುಗಿಯುವಷ್ಟರಲ್ಲಿ ರಿಮೋಟಿನ ಅರೆಜೀವದ ಸೆಲ್ ಸತ್ತು ಪರದೆ ಕಪ್ಪಾಯಿತು. ಅಪ್ಪನನ್ನ ಅಂಗಡಿಗೆ ಓಡಿಸಿದೆ.

ರಾತ್ರಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸಿಕ್ಕಿಸಿದ ತಕ್ಷಣ ಡಿಸ್ಕ್‌ನಲ್ಲಿ ತೊಂದರೆ ಇದೆ, ಸರಿ ಮಾಡಲಾ ಅಂತ ಕೇಳಿತು. ದಯವಿಟ್ಟು ಇಂಥ ಹೊತ್ತಿನಲ್ಲಿ ‘ಹೌದು’ ಅನ್ನಬೇಡಿ. ಅದು ‘ಸರಿ’ ಮಾಡುವಾಗ ಅರ್ಧ ಫೈಲುಗಳು ಮಾಯವಾಗಬಹುದು. ಫಾರ್ಮ್ಯಾಟ್ ಮಾಡಲಾ ಅಂದರಂತೂ ಕೇಬಲ್ಲೇ ಕಿತ್ತುಬಿಡಿ. ನಾನು ಮಾಡಿದ್ದು ಇಷ್ಟು: ಲಿನಕ್ಸ್‌ನಲ್ಲಿ ಡಿಡಿ ಅನ್ನೋ ಕಮ್ಯಾಂಡಿನಿಂದ ಪೂರ್ತಿ 1 ಜಿಬಿಯನ್ನು ಬಿಟ್ ಬಿಟ್ಟಾಗಿ ಒಂದು ಇಮೇಜ್ ಫೈಲ್ ಮಾಡಿಕೊಂಡೆ. ಆಮೇಲಿನ ಪ್ರಯೋಗವೆಲ್ಲ ಆ ಕಾಪಿಯ ಮೇಲೆ. ಫ್ಲಾಶ್ ಮೆಮೊರಿಯಲ್ಲಿ ಮಾಹಿತಿ ನಿಲ್ಲೋದು ಸಣ್ಣ ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುತ್ ಚಾರ್ಜಿನಿಂದ. ವರ್ಷಗಟ್ಟಲೆ ಕರೆಂಟ್ ಕಾಣದೆ ಬಿದ್ದಿದ್ದರೆ ಆ ಚಾರ್ಜ್ ನಿಧಾನಕ್ಕೆ ಸೋರುತ್ತೆ, ಬಿಸಿ ಇದ್ದರೆ ಇನ್ನೂ ಬೇಗ. ನಮ್ಮ ಅಟ್ಟದ ಮೇಲೆ ತಗಡು. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಹಪ್ಪಳ ಒಣಗಿಸಬಹುದು. ನಾಲ್ಕರಲ್ಲಿ ಮೂರು ಫೈಲ್ ಪೂರ್ತಿ ಬಂದವು. ನಾಲ್ಕನೆಯದು ಹನ್ನೊಂದು ಸೆಕೆಂಡ್ ಆಗಿ ನಿಂತಿತು.

ಬಂದರೂ ಯಾವುದರಲ್ಲೂ ಆಡಲಿಲ್ಲ. ಫೈಲಿನ ಬಾಲದಲ್ಲಿ ‘ಎಸಿಟಿ’ ಅಂತಿತ್ತು. ಆ ಕಾಲದ ಅಗ್ಗದ ಪ್ಲೇಯರ್‌ಗಳ ಚಿಪ್ಪಿಗೆ ಇದ್ದ ಸ್ವಂತ ಫಾರ್ಮ್ಯಾಟ್ ಅದು. ಡಬ್ಬದಲ್ಲಿ ಬರುತ್ತಿದ್ದ ಪುಟ್ಟ ಸಿಡಿಯ ಸಾಫ್ಟ್‌ವೇರಿನಿಂದ ಬದಲಿಸಿಕೊಳ್ಳಬೇಕಿತ್ತು. ಆ ಸಿಡಿಯನ್ನು ನಮ್ಮ ಮನೆಯಲ್ಲಿ ಗುಬ್ಬಿ ಬೆದರಿಸೋಕೆ ಹಿತ್ತಲಲ್ಲಿ ಕಟ್ಟಿದ್ದರು. ಪುಣ್ಯಕ್ಕೆ ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಅದಕ್ಕೆ ಎಸಿಟಿ ಓದೋಕೆ ಬರುತ್ತೆ. ಯಾರೋ ಪುಣ್ಯಾತ್ಮರು ಕೂತು ಆ ಕೋಡ್ ಬರೆದಿದ್ದಾರೆ. ಒಂದು ಸಾಲಿನ ಕಮ್ಯಾಂಡ್, ಡಬ್ಲ್ಯೂಎವಿ ಫೈಲ್ ಕೈಗೆ ಬಂತು.

ಆಮೇಲೆ ಗೊತ್ತಾಯಿತು, ಹಿಂದಿನ ಗುಳುಗುಳು ಏನಂತ. ಒಳಗಿದ್ದದ್ದು ಜಿ.729 ಅನ್ನೋ ಕೋಡೆಕ್. 1996ರಲ್ಲಿ ಟೆಲಿಫೋನ್ ಮಾತಿಗಾಗಿ ಬಂದ ಮಾನದಂಡ. ಸೆಕೆಂಡಿಗೆ ಬರೀ 8 ಕಿಲೋಬಿಟ್, ಅಂದ್ರೆ ಎಂಪಿ3 ಹಾಡಿನ ಹದಿನಾರನೇ ಒಂದು ಪಾಲು. ಇಷ್ಟು ಕಡಿಮೆ ಜಾಗದಲ್ಲಿ ಹಿಡಿಸೋಕೆ ಅದು ಒಂದು ಉಪಾಯ ಮಾಡುತ್ತೆ. ಬಂದ ಸದ್ದೆಲ್ಲ ಮನುಷ್ಯನ ಗಂಟಲಿನಿಂದಲೇ ಬಂದದ್ದು ಅಂತ ಎಣಿಸಿ, ಹತ್ತು ಹತ್ತು ಮಿಲಿಸೆಕೆಂಡಿಗೆ ಆ ಗಂಟಲಿನ ಆಕಾರ ಹೇಗಿತ್ತು ಅಂತ ಬರೆದಿಟ್ಟುಕೊಳ್ಳುತ್ತೆ. ಅಮ್ಮ ಹಾಡುತ್ತಿದ್ದದ್ದು ಬೀಸೋಕಲ್ಲಿನ ಮುಂದೆ. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಹೆಸರುಕಾಳು ಒಡೆಯೋಕೆ ಆಕೆಗೆ ಕಲ್ಲೇ ಬೇಕು. ಪಾಪ, ಕೋಡೆಕ್ಕು ಬೀಸೋಕಲ್ಲನ್ನೂ ಒಂದು ಗಂಟಲು ಅಂತ ತಿಳಿದು ಒದ್ದಾಡಿದೆ. ಅದಕ್ಕೇ ಕಲ್ಲು ತಿರುಗೋ ಸದ್ದು ಹೋಗಿ ನೀರು ಕುದಿಯೋ ಸದ್ದು ಉಳಿದಿದೆ.

ಯಾವಾಗ ರೆಕಾರ್ಡ್ ಮಾಡಿದ್ದು ಅಂತ ಫೈಲಿನ ತಾರೀಖು ನೋಡಿದರೆ ನಾಲ್ಕಕ್ಕೂ ಒಂದೇ, ಅದೂ ನಾನು ಪ್ಲೇಯರ್ ನೋಡೋಕೂ ಮುಂಚಿನದು. ಅದರ ಗಡಿಯಾರ ಯಾರೂ ಹೊಂದಿಸಿರಲೇ ಇಲ್ಲ. ಆದರೆ ಮೂರನೇ ಫೈಲಿನಲ್ಲಿ ಹಾಡು ನಿಲ್ಲಿಸಿ ಅಮ್ಮ ಯಾರಿಗೋ ಹೇಳುತ್ತಾಳೆ, ‘ಗವಾಯಿ ಅಜ್ಜಾರು ಹ್ವಾದ್ರಂತ, ಟಿವ್ಯಾಗ ತೋರ್ಸಾಕತ್ತಾರ.’ ಪುಟ್ಟರಾಜ ಗವಾಯಿಗಳು ತೀರಿಕೊಂಡದ್ದು 2010ರ ಸೆಪ್ಟೆಂಬರ್ 17ಕ್ಕೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬಾಳಿದರೂ ಅವರು ಹುಟ್ಟಿದ್ದು ನಮ್ಮ ಹಾನಗಲ್ಲ ತಾಲ್ಲೂಕಿನಲ್ಲೇ. ಅವರ ಗುರು ಪಂಚಾಕ್ಷರಿ ಗವಾಯಿಗಳೂ ನಮ್ಮ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಹಾಗಾಗಿ ನಮ್ಮ ಕಡೆ ಅದು ಮನೆಮನೆಯ ಸುದ್ದಿ. ನನಗಾಗ ಹದಿನೈದು ವರ್ಷ.

ಹಾನಗಲ್ಲ ಅಂದ್ರೆ ಸಂಗೀತಕ್ಕೆ ಹೆಸರಾದ ನೆಲ ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಗಂಗೂಬಾಯಿಯವರ ಹೆಸರಿನಲ್ಲೇ ಊರಿದೆ. 1930ರ ದಶಕದಲ್ಲಿ ಅವರ ಮೊದಲ ತಟ್ಟೆಗಳು ಎಚ್‌ಎಂವಿಯಿಂದ ‘ಗಾಂಧಾರಿ’ ಅನ್ನೋ ಹೆಸರಿನಲ್ಲಿ ಬಂದವು, ಒಂದು ಬದಿಗೆ ಮೂರು ನಿಮಿಷದ ಲೆಕ್ಕದಲ್ಲಿ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಆದರೆ ಬೀಸೋಕಲ್ಲಿನ ಮುಂದೆ ಕೂತ ಹೆಂಗಸರು ಎಷ್ಟು ಜನ, ಎಲ್ಲರ ಹತ್ತಿರ ಮೈಕ್ ಹೋಗೋದುಂಟಾ? ಅಮ್ಮನ ಹತ್ತಿರ ಹೋದದ್ದು ಬೋರಾದ ಹೈಸ್ಕೂಲ್ ಹುಡುಗನ ಕೈಯಲ್ಲಿದ್ದ ಒಂದು ಸೂಜಿ ತೂತಿನ ಮೈಕ್, ಅದೂ ತಮಾಷೆಗೆ.

ಎರಡನೇ ಫೈಲನ್ನ ಹತ್ತು ಸಲ ಕೇಳಿ ಪದಗಳನ್ನ ಬರೆದುಕೊಂಡೆ. ಅರ್ಧದಷ್ಟು ತಿಳಿಯಿತು. ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು, ‘ಹುಣ್ಣಿವಿ’ ಅಂತ ಬರೆದುಕೊಂಡೆ. ಸೆಪ್ಟೆಂಬರ್ ಕಳೆದ ಮೇಲೆ ಬರೋದು ಶೀಗಿ ಹುಣ್ಣಿವಿ, ಹೊಲಕ್ಕೆ ಚರಗ ಚೆಲ್ಲೋ ಹಬ್ಬ. ಹಾಗಾದರೆ ಇದು ಶೀಗಿ ಹುಣ್ಣಿವಿಯ ಹಾಡು ಅಂತ ನಾನೇ ತೀರ್ಮಾನ ಮಾಡಿ, ಫೈಲಿಗೆ ಅದೇ ಹೆಸರನ್ನೂ ಕೊಟ್ಟೆ. ಇಂಜಿನಿಯರ್ ಅಲ್ವಾ, ಎಲ್ಲದಕ್ಕೂ ಲೇಬಲ್ ಬೇಕು.

ಮರುದಿನ ಪ್ಲೇಯರ್ ಜೇಬಿಗೆ ಹಾಕಿಕೊಂಡು ತಿಳವಳ್ಳಿ ಕಡೆಯಿಂದ ಹಿರೇಕೆರೂರಿಗೆ ಹೋದೆ. ದಾರಿಯುದ್ದಕ್ಕೂ ಗೋವಿನಜೋಳದ ರಾಶಿ. ಅಲ್ಲಿ ನಮ್ಮ ಅತ್ತಿ ಇದ್ದಾಳೆ, ಅಪ್ಪನ ತಂಗಿ. ಮೂರನೇ ಫೈಲಿನಲ್ಲಿ ಅಮ್ಮ ಮಾತಾಡಿದ್ದು ಆಕೆಯ ಜೊತೆಗೇ. ಒಳಗೆ ಬಂದವನೇ ಏನೂ ಹೇಳದೆ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ.

‘ಏನೋ ಇದು, ಕಿವಿ ಕಚಗುಳಿ ಅಕ್ಕತಿ’ ಅಂದಳು. ಆಮೇಲೆ ಸುಮ್ಮನಾದಳು. ಹಾಡು ಮುಗಿಯೋವರೆಗೂ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಹಾಗೇ ಹಿಡಿದಿದ್ದಳು.

‘ಅವ್ವ ಎಲಿ ಬಾಯಾಗ ಇಟ್ಕೊಂಡ ಹಾಡ್ಯಾಳ ನೋಡು’ ಅಂದಳು ಕೊನೆಗೆ. ನನಗೆ ಅದು ಕೇಳಿಸಿರಲೇ ಇಲ್ಲ.

ನಾನು ಬರೆದುಕೊಂಡದ್ದನ್ನ ಓದಿ ಹೇಳಿದೆ. ಶೀಗಿ ಹುಣ್ಣಿವಿಯ ಹಾಡು ಅಂದ ತಕ್ಷಣ ನಕ್ಕುಬಿಟ್ಟಳು. ‘ಹುಣ್ಣಿವಿ ಅಲ್ಲೋ ಹುಚ್ಚಪ್ಪಾ, ಹುಣಸಿ! ದೊಡ್ಡ ಹುಣಸಿ. ಸವಣೂರಾಗ ಐತಲಾ, ಆ ಗಿಡ.’

ಅಮ್ಮನ ತವರು ಸವಣೂರು. ಅಲ್ಲಿ ದೊಡ್ಡಹುಣಸೆ ಅಂತ ಕರೆಯೋ ಬಾವೊಬಾಬ್ ಮರಗಳಿವೆ. ಆಫ್ರಿಕಾ ಮೂಲದವು, ನಾಲ್ಕೈದು ಜನ ಕೈ ಹಿಡಿದರೂ ಸುತ್ತು ಸಾಲದಂಥ ಕಾಂಡ. ಸವಣೂರು ಅಂದ್ರೆ ಹೊರಗಿನವರಿಗೆ ಖಾರಾ, ವೀಳ್ಯದೆಲೆ, ನವಾಬರು. ಅಮ್ಮನಿಗೆ ಆ ಮರ. ಮದುವೆಯಾಗಿ ಹಾನಗಲ್ಲ ಕಡೆಗೆ ಬಂದ ಹುಡುಗಿ, ಆ ಮರದ ನೆರಳಿನಲ್ಲಿ ಬಿಟ್ಟು ಬಂದ ಗೆಳತಿಯರನ್ನ ಒಬ್ಬೊಬ್ಬರಾಗಿ ಹೆಸರು ಹಿಡಿದು ಕೇಳೋ ಹಾಡಂತೆ ಅದು. ನಾನು ‘ಬೆಳಕು, ಬಯಲು’ ಅಂತೆಲ್ಲ ಬರೆದುಕೊಂಡದ್ದು ಹುಡುಗಿಯರ ಹೆಸರುಗಳು!

ತಪ್ಪಿಗೆ ಕಾರಣ ಇದೆ. ಆ ಕೋಡೆಕ್ ಸೆಕೆಂಡಿಗೆ 8000 ಸಲ ಮಾತ್ರ ಸದ್ದನ್ನ ಅಳೆಯುತ್ತೆ, ಹಾಗಾಗಿ 4000 ಹರ್ಟ್ಸ್‌ಗಿಂತ ಮೇಲಿನದು ಯಾವುದೂ ಉಳಿಯಲ್ಲ. ‘ಸ’ ಅನ್ನೋ ಅಕ್ಷರದ ಜೀವ ಬಹುತೇಕ ಇರೋದೇ ಅಲ್ಲಿಂದ ಮೇಲೆ. ಹುಣಸಿಯ ‘ಸ’ ಹಾರಿಹೋಗಿ ಹುಣ್ಣಿವಿ ಆಗಿದೆ. ಕಳೆದುಹೋದ ಆ ಸದ್ದನ್ನ ಯಾವ ಸಾಫ್ಟ್‌ವೇರೂ ತಂದುಕೊಡಲ್ಲ. ಇರೋದು ಅತ್ತಿಯ ತಲೆಯಲ್ಲಿ ಮಾತ್ರ, ಆಕೆಗೂ ಈಗ ಅರವತ್ತೆರಡು.

ಅವತ್ತೇ ಮಧ್ಯಾಹ್ನ ಅತ್ತಿಯನ್ನ ಕೂರಿಸಿ ಪೂರ್ತಿ ಹಾಡಿಸಿದೆ. ಈ ಸಲ ಫೋನಿನಲ್ಲಿ, ಎಂಪಿ3 ಬಿಟ್ಟು ಡಬ್ಲ್ಯೂಎವಿಯಲ್ಲಿ, 44,100 ಹರ್ಟ್ಸ್‌ನಲ್ಲಿ. ಒಂದು ನಿಮಿಷಕ್ಕೆ 5 ಎಂಬಿ ಹಿಡಿಯಿತು, ಹಿಡಿಯಲಿ. ಫೋನನ್ನ ಏರ್‌ಪ್ಲೇನ್ ಮೋಡಿಗೆ ಹಾಕೋದು ಮರೆತು ನಡುವೆ ನನ್ನ ಮ್ಯಾನೇಜರ್ ಕಾಲ್ ಬಂತು, ಎರಡನೇ ಸಲ ಹಾಡಬೇಕಾಯಿತು. ಹನ್ನೊಂದು ಸೆಕೆಂಡಿನ ನಾಲ್ಕನೇ ಫೈಲ್ ಕೇಳಿಸಿದಾಗ ಮಾತ್ರ ಅತ್ತಿ ತಲೆ ಅಲ್ಲಾಡಿಸಿದಳು. ‘ಇದು ಅವ್ವಗ ಒಬ್ಬಾಕಿಗೇ ಬರ್ತಿತ್ತು.’

ನಿಮ್ಮ ಮನೆಯ ಟ್ರಂಕು, ಶೋಕೇಸಿನ ಡ್ರಾಯರ್ ಒಮ್ಮೆ ನೋಡಿ. ಹಳೇ ಎಂಪಿ3 ಪ್ಲೇಯರ್, ಬಟನ್ ಫೋನು, 2 ಜಿಬಿ ಮೆಮೊರಿ ಕಾರ್ಡು ಇದ್ದೇ ಇರುತ್ತೆ. ಒಳಗೆ ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ರಿಪೇರಿಯವರಿಂದ ಬಿಚ್ಚಿಸಿ. ಮೊದಲು ಎಲ್ಲವನ್ನೂ ಕಾಪಿ ಮಾಡಿ, ಎರಡು ಕಡೆ ಇಡಿ, ಆಮೇಲೆ ಕೇಳಿ. ಕೇಳುವಾಗ ಆ ದನಿ ಗೊತ್ತಿರೋ ಹಿರಿಯರೊಬ್ಬರು ಪಕ್ಕದಲ್ಲಿರಲಿ.

ಬೆಂಗಳೂರಿಗೆ ಬಂದ ಮೇಲೆ ಎರಡನೇ ಫೈಲಿನ ಗುಳುಗುಳು ಸದ್ದು, ಆ ಕೆಮ್ಮು ತೆಗೆದು ಸ್ವಚ್ಛ ಮಾಡಿದ ಹಾಡನ್ನ ಅತ್ತಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

‘ತಮ್ಮಾ, ಅವ್ವ ಕೆಮ್ಮಿದ್ದು ಎಲ್ಲಿ ಹೋತು?’

‘ತಗದೇನಿ ಅತ್ತಿ, ಹಾಡು ಚಂದ ಕೇಳ್ಲಿ ಅಂತ.’

‘ನೀ ತಗೀಬ್ಯಾಡ. ಮದ್ಲಿಂದು ಹಾಕು.’

ಪ್ಲೇಯರ್ ಈಗ ಹಿರೇಕೆರೂರಿನಲ್ಲೇ ಇದೆ. ಹಾಡೆಲ್ಲ ಅಳಿಸಿ, ಎಂಪಿ3 ಮಾಡಿದ ಅಮ್ಮನ ಮೂರು ತುಣುಕು, ಅತ್ತಿಯ ಹಾಡು, ಮೇಲೊಂದಿಷ್ಟು ಶರೀಫರ ಪದ ಹಾಕಿದ್ದೇನೆ, ಅತ್ತಿ ಹೇಳಿದ ಸಾಲಿನಲ್ಲೇ ಕಾಪಿ ಮಾಡಿ. ಜೊತೆಗೆ ನಾಲ್ಕು ಸೆಲ್ ಕೊಟ್ಟಿದ್ದೆ. ಎರಡನ್ನ ಮಾಮಾ ಆಗಲೇ ರಿಮೋಟಿಗೆ ಹಾಕಿಕೊಂಡಿದ್ದಾನಂತೆ.