ಸುಮ್ಮನೆ ಬಿಟ್ರೆ ನೆಟ್ ಹೋಗುತ್ತಾ?

ವಿಡಿಯೋ ನೋಡುವಷ್ಟು ಹೊತ್ತೂ ನೆಟ್ ಚೆನ್ನಾಗಿರುತ್ತೆ. ಊಟ ಮುಗಿಸಿ ಬಂದು ಲ್ಯಾಪ್‌ಟಾಪ್ ಮುಟ್ಟಿದ್ರೆ ಕನೆಕ್ಷನ್ನೇ ಇಲ್ಲ! ಕಸ್ಟಮರ್ ಕೇರ್‌ಗೆ ಫೋನ್ ಮಾಡೋ ಮೊದಲು ಒಂದು ನಿಮಿಷ ತಡೀರಿ.

ಅದೇ ವೈಫೈಯಲ್ಲಿ ಮೊಬೈಲ್‌ಗೆ ನೆಟ್ ಬರ್ತಿದ್ಯಾ? ಹಾಗಾದ್ರೆ ಲೈನ್ ಸರಿಯಿದೆ, ತೂಕಡಿಸ್ತಿರೋದು ಲ್ಯಾಪ್‌ಟಾಪ್. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆಗೀರಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಕಾರ್ಡ್ ಮೇಲೆ ಡಬಲ್ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ. ಕರೆಂಟ್ ಉಳಿಸೋಕೆ ಕಾರ್ಡನ್ನ ಆಫ್ ಮಾಡಬಹುದು ಅನ್ನೋ ಟಿಕ್ ತೆಗೆದುಬಿಡಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಟ್ಯಾಬೇ ಇರಲ್ಲ. ಅಂಥವರು ವೈಫೈ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ.

ಮನೇಲಿ ಯಾವುದಕ್ಕೂ ನೆಟ್ ಇಲ್ವಾ? ಫೈಬರ್ ಮೋಡೆಮ್ ಮೇಲೆ ಎಲ್‌ಒಎಸ್ ಅನ್ನೋ ಕೆಂಪು ದೀಪ ಹತ್ತಿದ್ರೆ ಕೇಬಲ್‌ನಲ್ಲಿ ಸಿಗ್ನಲ್ಲೇ ಬರ್ತಿಲ್ಲ, ಲೈನ್‌ನವರನ್ನೇ ಕರೀಬೇಕು.

ದೀಪ ಸರಿಯಿದ್ಯಾ? ರೂಟರ್ ಸೆಟ್ಟಿಂಗ್ಸ್‌ನ ವ್ಯಾನ್ (WAN) ಪುಟ ತೆಗೀರಿ. ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿದ ಪಿಪಿಪಿಒಇ ಕನೆಕ್ಷನ್ ಆದ್ರೆ ಅಲ್ಲಿ ‘ಕನೆಕ್ಟ್ ಆನ್ ಡಿಮ್ಯಾಂಡ್’ ಅಂತ ಇರಬಹುದು, ಪಕ್ಕದಲ್ಲಿ 15 ನಿಮಿಷದ ಐಡಲ್ ಟೈಮ್. ಅಂದ್ರೆ ಅಷ್ಟು ಹೊತ್ತು ಯಾರೂ ಬಳಸದಿದ್ರೆ ರೂಟರೇ ಲೈನ್ ಕಟ್ ಮಾಡುತ್ತೆ! ನಿಮಿಷದ ಲೆಕ್ಕದಲ್ಲಿ ಬಿಲ್ ಬರ್ತಿದ್ದ ಡಯಲ್‌ಅಪ್ ಕಾಲಕ್ಕೆ ಅದು ಉಪಕಾರ. ಅನ್‌ಲಿಮಿಟೆಡ್ ಪ್ಲಾನ್‌ಗೆ ಬರೀ ಕಾಟ. ಆಟೋಗೆ ಬದಲಾಯಿಸಿ, ಸೇವ್ ಮಾಡಿ.

ಪಿಂಗ್ ಓಡಿಸಿಟ್ಟು ಪರೀಕ್ಷೆ ಮಾಡೋರು ಒಂದು ಗಮನಿಸಿ: ಪಿಂಗ್ ಓಡ್ತಿದ್ರೆ ಲೈನ್ ಖಾಲಿ ಕೂರೋದೇ ಇಲ್ಲ, ತೊಂದರೆ ಅಡಗಿಬಿಡುತ್ತೆ. ಪಿಂಗ್ ಇದ್ದಾಗ ಚೆನ್ನಾಗಿರೋ ನೆಟ್ ಪಿಂಗ್ ನಿಲ್ಲಿಸಿದ್ಮೇಲೆ ಹೋಗ್ತಿದ್ರೆ, ಎಲ್ಲೋ ಒಂದು ಟೈಮರ್ ಕೆಲಸ ಮಾಡ್ತಿದೆ. ಅದನ್ನ ಹುಡುಕಿ.