ಸರ್ವರುಗಳಿಗೆ ತೇಪೆ ಹಾಕುವ ಕೆಲಸ

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬೀಳುವ ದಿನ ಲಕ್ಷಾಂತರ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಒಂದೇ ಜಾಲತಾಣವನ್ನು ತೆರೆಯುತ್ತಾರೆ. ನೋಂದಣಿ ಸಂಖ್ಯೆಯನ್ನು ತುಂಬಿ ಗುಂಡಿಯನ್ನೊತ್ತಿದರೆ ಸಾಕು, ಅಂಕಪಟ್ಟಿ ತೆರೆಯ ಮೇಲೆ ಮೂಡುತ್ತದೆ. ಇದು ಬಂದದ್ದಾದರೂ ಎಲ್ಲಿಂದ? ಎಲ್ಲಿಯೋ ಒಂದು ತಂಪುಮಾಡಿದ ಕೋಣೆಯಲ್ಲಿ ಹಗಲಿರುಳೂ ಎಚ್ಚರವಾಗಿರುವ ಒಂದು ಗಣಕಯಂತ್ರ ನಮ್ಮ ಪ್ರಶ್ನೆಯನ್ನು ಸ್ವೀಕರಿಸಿ ಉತ್ತರವನ್ನು ಕಳುಹಿಸಿತು. ಕೇಳಿದವರಿಗೆ ಕೇಳಿದ್ದನ್ನು ಬಡಿಸುವುದೇ ಅದರ ಕಸಬಾದ ಕಾರಣ ಅದಕ್ಕೆ ಸರ್ವರ್ ಎಂದು ಹೆಸರು. ಇಂಥ ಯಂತ್ರಗಳ ಮನೆಗಳು ನಮ್ಮ ಬೆಂಗಳೂರಿನ ಹೊರವಲಯದಲ್ಲಿಯೂ ಉಂಟು. ಅದಕ್ಕಿಂತ ಹೆಚ್ಚಿನ ಮಾತೆಂದರೆ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿ ಕುಳಿತ ಎಂಜಿನಿಯರುಗಳು ಅಮೆರಿಕ, ಯೂರೋಪುಗಳಲ್ಲಿರುವ ಸರ್ವರುಗಳ ಯೋಗಕ್ಷೇಮವನ್ನೂ ಇಲ್ಲಿಂದಲೇ ನೋಡಿಕೊಳ್ಳುತ್ತಾರೆ. ಅವರ ದಿನಚರಿಯಲ್ಲಿ ಹೊರಗಿನವರ ಕಣ್ಣಿಗೆ ಬೀಳದ, ಆದರೆ ಎಂದಿಗೂ ಮುಗಿಯದ ಕೆಲಸವೊಂದಿದೆ. ಅದೇ ಅಪ್‌ಡೇಟ್ ಮಾಡುವುದು, ಎಂದರೆ ಯಂತ್ರವನ್ನು ನಡೆಸುವ ತಂತ್ರಾಂಶದ ಹಳೆಯ ಭಾಗಗಳನ್ನು ತೆಗೆದು ತಿದ್ದಿದ ಭಾಗಗಳನ್ನು ಕೂರಿಸುವುದು.

ಇದರಲ್ಲಿ ಕಷ್ಟವೇನು ಎಂದು ವಾಚಕರು ಕೇಳಬಹುದು. ನಮ್ಮ ಜೇಬಿನ ಫೋನು ತಾನೇ ರಾತ್ರಿ ಅಪ್‌ಡೇಟ್ ಆಗಿ ಬೆಳಿಗ್ಗೆ ಎಂದಿನಂತೆ ಎದ್ದಿರುತ್ತದೆಯಷ್ಟೆ? ಸರ್ವರಿನ ವಿಷಯ ಬೇರೆ. ತಡಮಾಡಿದರೆ ಕೇಡು, ಅವಸರಪಟ್ಟರೂ ಕೇಡು. ಇವೆರಡೂ ಬರಿಯ ಗಾದೆಯ ಮಾತಲ್ಲ, ಇತ್ತೀಚಿನ ವರ್ಷಗಳಲ್ಲಿ ನಡೆದುಹೋದ ಘಟನೆಗಳಿಂದ ತಿಳಿದದ್ದು.

ಮೊದಲು ಸರ್ವರಿನ ಒಳಗಟ್ಟನ್ನು ನೋಡೋಣ. ಯಂತ್ರದ ಮೇಲೆ ಮೊದಲು ಕೂರುವುದು ಆಪರೇಟಿಂಗ್ ಸಿಸ್ಟಮ್. ಜಗತ್ತಿನ ಜಾಲತಾಣಗಳ ಸರ್ವರುಗಳಲ್ಲಿ ಬಹುಪಾಲು ನಡೆಯುವುದು ಲಿನಕ್ಸ್ ಎಂಬುದರ ಮೇಲೆ. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. ಸ್ಮೃತಿಕೋಶ, ತಟ್ಟೆ, ಜಾಲ ಇವುಗಳನ್ನೆಲ್ಲ ಆಳುವುದು ಅದೇ. ತಿರುಳಿನ ಸುತ್ತ ಸಾವಿರಾರು ಚಿಕ್ಕ ದೊಡ್ಡ ತಂತ್ರಾಂಶಗಳು. ಇವನ್ನು ಪೊಟ್ಟಣ ಕಟ್ಟಿದಂತೆ ಕಟ್ಟಿ ಹಂಚುವುದರಿಂದ ಪ್ಯಾಕೇಜ್ ಎನ್ನುತ್ತಾರೆ. ೧೯೯೩ರಲ್ಲಿ ಇಯಾನ್ ಮರ್ಡಾಕ್ ಎಂಬಾತ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ಬಳಗ ೨೦೨೩ರ ಜೂನಿನಲ್ಲಿ ಹೊರತಂದ ಹನ್ನೆರಡನೆಯ ಆವೃತ್ತಿಯಲ್ಲಿ ೬೪,೦೦೦ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಒಂದು ಸರ್ವರಿಗೆ ಇವುಗಳಲ್ಲಿ ಕೆಲವು ನೂರು ಸಾಕು. ಆದರೆ ಒಂದು ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. ಪುಟಗಳನ್ನು ಬಡಿಸುವ ತಂತ್ರಾಂಶಕ್ಕೆ ಗುಪ್ತಲಿಪಿಯ ತಂತ್ರಾಂಶ ಬೇಕು. ಅದಕ್ಕೆ ಮತ್ತೊಂದು ಬೇಕು. ಹೀಗಾಗಿ ಬುಡದ ಒಂದೇ ಒಂದು ಪ್ಯಾಕೇಜಿನಲ್ಲಿ ದೋಷ ಕಂಡರೆ ಅದನ್ನು ನೆಚ್ಚಿದವೆಲ್ಲವೂ ಅಪಾಯಕ್ಕೆ ಸಿಲುಕುತ್ತವೆ.

೨೦೧೪ರ ಏಪ್ರಿಲ್ ೭ರಂದು ಹೀಗೆಯೇ ಆಯಿತು. ಓಪನ್ ಎಸ್.ಎಸ್.ಎಲ್. ಎಂಬುದು ಜಾಲತಾಣಕ್ಕೂ ನಮಗೂ ನಡುವೆ ಹರಿಯುವ ಮಾತನ್ನು ಗುಪ್ತಲಿಪಿಗೆ ತಿರುಗಿಸುವ ಪ್ಯಾಕೇಜ್. ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಎರಡು ಕಡೆಯವರೂ ಆಗಾಗ ಒಂದು ಸಣ್ಣ ಸಂದೇಶವನ್ನು ವಿನಿಮಯ ಮಾಡಿಕೊಳ್ಳುವ ಏರ್ಪಾಟು ಅದರಲ್ಲಿತ್ತು. ಅದನ್ನು ಹೃದಯದ ಬಡಿತ ಎಂದೇ ಕರೆಯುತ್ತಿದ್ದರು. ಕೇಳುವಾತ ಒಂದು ಪದವನ್ನೂ ಅದರ ಉದ್ದವನ್ನೂ ಕಳುಹಿಸಬೇಕು. ಸರ್ವರ್ ಅದೇ ಪದವನ್ನು ಹಿಂದಿರುಗಿಸಬೇಕು. ಹೇಳಿದ ಉದ್ದ ನಿಜವೇ ಎಂದು ನೋಡುವುದನ್ನು ಬರೆದವರು ಮರೆತಿದ್ದರು. ಕಚೇರಿಯ ಗುಮಾಸ್ತನೊಬ್ಬನ ಕೈಗೆ ಒಂದು ಸಾಲಿನ ಚೀಟಿಯನ್ನು ಕೊಟ್ಟು, ‘ಇದು ಅರವತ್ತು ಪುಟಗಳ ಅರ್ಜಿ, ನಕಲು ಮಾಡಿ ಕೊಡಿ’ ಎಂದರೆ, ಅವನು ಚೀಟಿ ಮುಗಿದ ಮೇಲೂ ನಿಲ್ಲದೆ ಮೇಜಿನ ಮೇಲೆ ಪಕ್ಕದಲ್ಲಿ ಬಿದ್ದಿದ್ದ ಅನ್ಯರ ಕಾಗದಗಳನ್ನೆಲ್ಲ ನಕಲು ಮಾಡಿ ಕೊಟ್ಟಂತೆ! ಒಂದು ಬಾರಿ ಕೇಳಿದರೆ ಸ್ಮೃತಿಕೋಶದ ೬೪ ಕಿಲೋಬೈಟ್‌ವರೆಗಿನ ಭಾಗ ಹೊರಗೆ ಬರುತ್ತಿತ್ತು. ಅದರಲ್ಲಿ ಬೇರೆಯವರ ಗುಪ್ತಪದಗಳಿರಬಹುದು. ಸರ್ವರಿನ ಬೀಗದ ಕೈಯೇ ಇರಬಹುದು. ಈ ದೋಷಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಾಯಿತು.

ತಿದ್ದಿದ ಪ್ಯಾಕೇಜ್ ಅದೇ ದಿನ ದೊರೆಯಿತು. ಅದನ್ನು ತಂದು ಕೂರಿಸಿದರೆ ಮುಗಿಯಿತೆಂದು ಭಾವಿಸಿದವರು ಮೋಸಹೋದರು. ಇಲ್ಲಿ ಒಂದು ಸ್ವಾರಸ್ಯವಿದೆ. ಅಪ್‌ಡೇಟ್ ಬದಲಿಸುವುದು ತಟ್ಟೆಯ ಮೇಲಿರುವ ಕಡತವನ್ನು. ಆದರೆ ಓಡುತ್ತಿರುವ ತಂತ್ರಾಂಶ ತಾನು ಮೊದಲೇ ಸ್ಮೃತಿಕೋಶಕ್ಕೆ ತಂದುಕೊಂಡ ಹಳೆಯ ಪ್ರತಿಯಿಂದಲೇ ಕೆಲಸ ಮಾಡುತ್ತಿರುತ್ತದೆ. ಲಿನಕ್ಸಿನಲ್ಲಿ ಕಡತದ ಹೆಸರನ್ನು ಅಳಿಸಿದರೂ, ಅದನ್ನು ತೆರೆದಿಟ್ಟುಕೊಂಡವನು ಇರುವವರೆಗೆ ಅದರ ಒಡಲು ಉಳಿದೇ ಇರುತ್ತದೆ. ಆದಕಾರಣ ಆ ತಂತ್ರಾಂಶವನ್ನು ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಬದಲಾದದ್ದು ಕರ್ನಲ್ ಆಗಿದ್ದರೆ ಸಾಮಾನ್ಯವಾಗಿ ಯಂತ್ರವನ್ನೇ ಆರಿಸಿ ಹೊತ್ತಿಸಬೇಕು. ಹಾರ್ಟ್‌ಬ್ಲೀಡ್‌ನಲ್ಲಿ ಅದೂ ಸಾಲದು. ಬೀಗದ ಕೈ ಕಳುವಾಗಿದ್ದೀತೆಂಬ ಶಂಕೆಯಿಂದ ಬೀಗಗಳನ್ನೇ ಬದಲಿಸಬೇಕಾಯಿತು.

ಇನ್ನೊಂದು ವಿಚಿತ್ರವನ್ನು ಗಮನಿಸಿರಿ. ದೋಷ ಸೇರಿಕೊಂಡದ್ದು ೨೦೧೨ರಲ್ಲಿ ಬಂದ ೧.೦.೧ ಎಂಬ ಆವೃತ್ತಿಯಲ್ಲಿ. ಅದಕ್ಕಿಂತ ಹಿಂದಿನ ೦.೯.೮ನ್ನೇ ಹಿಡಿದುಕೊಂಡಿದ್ದವರಿಗೆ ಈ ದೋಷದ ಸೋಂಕೇ ಇರಲಿಲ್ಲ. ಹೊಸದೆಲ್ಲ ಒಳ್ಳೆಯದು, ಹಳೆಯದೆಲ್ಲ ಕೆಟ್ಟದ್ದು ಎಂಬ ಲೆಕ್ಕ ಇಲ್ಲಿ ನಡೆಯದು. ಇದನ್ನು ಬಲ್ಲ ಡೆಬಿಯನ್ ಮುಂತಾದವರು ಒಂದು ಉಪಾಯವನ್ನು ಅನುಸರಿಸುತ್ತಾರೆ. ತಮ್ಮ ಸ್ಥಿರ ಆವೃತ್ತಿಯಲ್ಲಿ ಹಳೆಯ ಪ್ಯಾಕೇಜನ್ನೇ ಉಳಿಸಿಕೊಂಡು, ತೂತು ಬಿದ್ದಲ್ಲಿಗೆ ಮಾತ್ರ ಹೊಸ ಬಟ್ಟೆಯ ತುಣುಕನ್ನು ಹೊಲಿಯುತ್ತಾರೆ. ಇದೇ ನಿಜವಾದ ತೇಪೆ. ಆವೃತ್ತಿಯ ಅಂಕಿಯನ್ನು ಮಾತ್ರ ನೋಡಿ ‘ಇದು ಹಳತು, ಅಪಾಯಕರ’ ಎನ್ನುವವರು ಇದರಿಂದ ಆಗಾಗ ಎಡವುವುದುಂಟು.

ತೇಪೆ ಹೊರಬಿದ್ದ ಕ್ಷಣದಿಂದ ಒಂದು ಓಟದ ಪಂದ್ಯ ಮೊದಲಾಗುತ್ತದೆ. ಹಳೆಯ ಕಡತವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದವನಿಗೆ ತೂತು ಎಲ್ಲಿತ್ತೆಂಬುದು ಗೊತ್ತಾಗಿಬಿಡುತ್ತದೆ. ಎಂದರೆ, ಔಷಧವೇ ರೋಗದ ಗುಟ್ಟನ್ನು ಬಿಟ್ಟುಕೊಡುತ್ತದೆ. ಜಾಲತಾಣಗಳನ್ನು ಕಟ್ಟಲು ಬಳಸುವ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷವೊಂದಕ್ಕೆ ೨೦೧೭ರ ಮಾರ್ಚ್ ೭ರಂದು ತೇಪೆ ಸಿದ್ಧವಾಗಿತ್ತು. ಅಮೆರಿಕದ ಎಕ್ವಿಫ್ಯಾಕ್ಸ್ ಎಂಬ ಸಂಸ್ಥೆಯ ಒಂದು ಸರ್ವರಿಗೆ ಅದು ಬೀಳಲೇ ಇಲ್ಲ. ಮೇ ೧೩ರಿಂದ ಕಳ್ಳರು ಒಳಗಿದ್ದು ಸುಮಾರು ೧೪.೭ ಕೋಟಿ ಜನರ ವಿವರಗಳನ್ನು ಕದ್ದರು. ಅದಕ್ಕೆ ಹಿಂದಿನ ದಿನ, ಮೇ ೧೨ರಂದು, ವಾನಾಕ್ರೈ ಎಂಬ ಹುಳು ವಿಂಡೋಸ್ ಗಣಕಗಳಿಗೆ ಬಿದ್ದು ಕಡತಗಳನ್ನು ಬೀಗಹಾಕಿ ಹಣ ಕೇಳತೊಡಗಿತು. ಆ ತೂತಿಗೂ ಮೈಕ್ರೊಸಾಫ್ಟ್ ೫೯ ದಿನ ಮೊದಲೇ ತೇಪೆ ಕೊಟ್ಟಿತ್ತು! ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಗಣಕದಿಂದ ನಡೆಯುವ ಲೇತು ಇಪ್ಪತ್ತು ವರ್ಷ ಬಾಳುತ್ತದೆ; ಅದರೊಳಗಿನ ಆಪರೇಟಿಂಗ್ ಸಿಸ್ಟಮಿಗೆ ತೇಪೆ ದೊರೆಯುವುದು ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ. ಉಳಿದ ಕಾಲವೆಲ್ಲ ಯಂತ್ರ ಗಟ್ಟಿಮುಟ್ಟಾಗಿದ್ದರೂ ಬಾಗಿಲು ತೆರೆದೇ ಇರುತ್ತದೆ. ಅಂಥದನ್ನು ಜಾಲದಿಂದ ಬೇರ್ಪಡಿಸಿ ಇಡುವುದೇ ಮೇಲು.

ಇಷ್ಟು ತಿಳಿದೂ ಏಕೆ ತಡಮಾಡುತ್ತಾರೆ? ಅಪ್‌ಡೇಟಿಗಾಗಿ ಸರ್ವರನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಗಿರಾಕಿಗಳು ಕಾಯಬೇಕು. ಆದುದರಿಂದ ಗಿರಾಕಿಗಳು ಮಲಗಿರುವ ಹೊತ್ತನ್ನು ಆರಿಸಿಕೊಳ್ಳುತ್ತಾರೆ. ನ್ಯೂಯಾರ್ಕಿನಲ್ಲಿ ಬೇಸಗೆಯ ನಡುರಾತ್ರಿಯೆಂದರೆ ಬೆಂಗಳೂರಿನಲ್ಲಿ ಬೆಳಿಗ್ಗೆ ೯-೩೦. ಅಮೆರಿಕದ ಸರ್ವರುಗಳನ್ನು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರಿಗೆ ಇದು ಅನುಕೂಲವೇ. ಅಲ್ಲಿನ ನಿದ್ದೆ ಇಲ್ಲಿನ ಕಚೇರಿಯ ವೇಳೆ. ಭಾರತದ ಬ್ಯಾಂಕಿನ ಸರ್ವರನ್ನು ನೋಡಿಕೊಳ್ಳುವವರು ಮಾತ್ರ ರಾತ್ರಿ ಎರಡು ಗಂಟೆಗೆ ಕಣ್ಣುಜ್ಜಿಕೊಂಡು ಕೂರಬೇಕು. ಮೈಕ್ರೊಸಾಫ್ಟ್ ೨೦೦೩ರಿಂದ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಹೊರಡಿಸುತ್ತ ಬಂದಿದೆ. ಅವರ ಬೆಳಗಿನ ಹತ್ತು ಗಂಟೆ ನಮಗೆ ಬೇಸಗೆಯಲ್ಲಿ ರಾತ್ರಿ ೧೦-೩೦, ಚಳಿಗಾಲದಲ್ಲಿ ೧೧-೩೦. ಭೂಮಿ ಗುಂಡಗಿರುವವರೆಗೆ ಎಲ್ಲರೂ ಒಟ್ಟಿಗೆ ಮಲಗುವ ಹೊತ್ತು ಎಂಬುದೇ ಇಲ್ಲವಷ್ಟೆ.

೨೦೨೪ರ ಜುಲೈ ೧೯ರ ಶುಕ್ರವಾರ ಬೆಂಗಳೂರಿಗೆ ಇದು ಮನದಟ್ಟಾಯಿತು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ರಕ್ಷಣಾ ತಂತ್ರಾಂಶದ ಸಂಸ್ಥೆ ವಿಂಡೋಸ್ ಯಂತ್ರಗಳಿಗೆ ಒಂದು ಸಣ್ಣ ಕಡತವನ್ನು ಕಳುಹಿಸಿತು. ನ್ಯೂಯಾರ್ಕಿನಲ್ಲಿ ನಡುರಾತ್ರಿ ದಾಟಿ ೯ ನಿಮಿಷ. ಇಲ್ಲಿ ಬೆಳಿಗ್ಗೆ ೯-೩೯. ಕಡತ ತಲುಪಿದ ಯಂತ್ರಗಳು ನೀಲಿ ತೆರೆಯನ್ನು ತೋರಿಸಿ ಬಿದ್ದುಹೋದವು. ೭೮ ನಿಮಿಷಗಳಲ್ಲಿ ಸಂಸ್ಥೆ ತಪ್ಪನ್ನು ಹಿಂತೆಗೆದುಕೊಂಡಿತಾದರೂ ಅಷ್ಟರಲ್ಲಿ, ಮೈಕ್ರೊಸಾಫ್ಟಿನ ಅಂದಾಜಿನಂತೆ, ೮೫ ಲಕ್ಷ ಯಂತ್ರಗಳು ಕೆಟ್ಟಿದ್ದವು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೆಲವು ಸಂಸ್ಥೆಗಳ ಪ್ರಯಾಣಿಕರ ನೋಂದಣಿಯನ್ನು ಕೈಯಿಂದಲೇ ಮಾಡಬೇಕಾಯಿತು. ಮದ್ದನ್ನು ಜಾಲದ ಮೂಲಕ ಕಳುಹಿಸೋಣವೆಂದರೆ ಹೊತ್ತಿಸಿದೊಡನೆ ಬೀಳುವ ಯಂತ್ರ ಅದನ್ನು ಪಡೆಯುವುದು ಹೇಗೆ? ಬಹುಪಾಲು ಯಂತ್ರಗಳ ಬಳಿಗೆ ಒಬ್ಬರು ಹೋಗಿ, ಅದನ್ನು ಕನಿಷ್ಠ ಸ್ಥಿತಿಯಲ್ಲಿ ಎಬ್ಬಿಸಿ, ಆ ಕಡತವನ್ನು ಅಳಿಸಬೇಕಾಯಿತು. ಲಿನಕ್ಸ್ ಸರ್ವರುಗಳಿಗೆ ಅಂದು ಏನೂ ಆಗಲಿಲ್ಲ.

ತಪ್ಪಾದರೂ ಎಂಥದು? ಹೊಸ ನಿಯಮಗಳ ನಮೂನೆಯಲ್ಲಿ ೨೧ ಅಂಕಣಗಳಿದ್ದವು. ಯಂತ್ರದಲ್ಲಿದ್ದ ತಂತ್ರಾಂಶ ತುಂಬಿ ಕೊಡುತ್ತಿದ್ದುದು ೨೦ನ್ನು ಮಾತ್ರ. ಇಪ್ಪತ್ತೊಂದನೆಯದನ್ನು ಓದಲು ಹೋದಾಗ ಅದು ತನ್ನ ಪಟ್ಟಿಯ ಆಚೆಗೆ ಕೈಹಾಕಿತು. ಹಾರ್ಟ್‌ಬ್ಲೀಡ್‌ನ ಗುಮಾಸ್ತನ ತಪ್ಪೂ ಇದೇ ಅಲ್ಲವೆ? ಎಲ್ಲೆ ಮೀರಿ ಓದುವುದು. ಅಲ್ಲಿ ಗುಟ್ಟು ಸೋರಿತು. ಇಲ್ಲಿ ಕರ್ನಲ್‌ನ ಒಳಗೇ ಹಾಗಾದುದರಿಂದ ಯಂತ್ರವೇ ನಿಂತಿತು. ಒಂದೇ ಜಾತಿಯ ತಪ್ಪು ಒಮ್ಮೆ ತೇಪೆಯಿಂದ ಗುಣವಾಗಬೇಕಾದ ರೋಗವಾಗಿತ್ತು. ಹತ್ತು ವರ್ಷಗಳ ಮೇಲೆ ತೇಪೆಯ ಜೊತೆಗೇ ಬಂದ ರೋಗವಾಯಿತು. ತಪ್ಪು ಮನುಷ್ಯಸಹಜ. ಆದರೆ ಅದನ್ನು ಲಕ್ಷಾಂತರ ಯಂತ್ರಗಳಿಗೆ ಒಂದೇ ಉಸಿರಿನಲ್ಲಿ ಹಂಚಿದ್ದು ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪು. ಇನ್ನು ಮುಂದೆ ಹಂತಹಂತವಾಗಿ ಹಂಚುವೆವೆಂದು ಆ ಸಂಸ್ಥೆಯೂ ಕೆಲವೇ ದಿನಗಳಲ್ಲಿ ಪ್ರಕಟಿಸಿತು.

ಅನ್ನ ಬೆಂದಿದೆಯೇ ಎಂದು ತಿಳಿಯಲು ನಮ್ಮ ಮನೆಗಳಲ್ಲಿ ಒಂದಗುಳನ್ನು ಹಿಚುಕಿ ನೋಡುತ್ತಾರೆ. ಒಳ್ಳೆಯ ಸರ್ವರ್ ಪಾಲಕರು ಮಾಡುವುದೂ ಅದನ್ನೇ. ಹತ್ತು ಸರ್ವರುಗಳು ಒಂದೇ ಜಾಲತಾಣವನ್ನು ಹೊತ್ತಿದ್ದರೆ, ಗಿರಾಕಿಗಳನ್ನು ಹಂಚುವ ಯಂತ್ರಕ್ಕೆ ಹೇಳಿ ಒಂದನ್ನು ಸಾಲಿನಿಂದ ಹೊರತೆಗೆಯುತ್ತಾರೆ. ಅದಕ್ಕೆ ತೇಪೆ ಹಾಕಿ, ಹೊತ್ತಿಸಿ, ಮತ್ತೆ ಸಾಲಿಗೆ ಸೇರಿಸಿ ಕೆಲವು ಗಂಟೆ ಕಾಯುತ್ತಾರೆ. ಕೇಡು ಕಾಣದಿದ್ದರೆ ಮುಂದಿನ ಎರಡು, ಆಮೇಲೆ ಉಳಿದವು. ಗಿರಾಕಿಗಳಿಗೆ ಏನೂ ತಿಳಿಯದು. ಆದರೆ ಒಂದು ಎಚ್ಚರಿಕೆ: ಪಾತ್ರೆಯ ಅಗುಳುಗಳೆಲ್ಲ ಒಂದೇ ತೆರನಾದವು, ಸರ್ವರುಗಳು ಹಾಗಲ್ಲ. ಆದ್ದರಿಂದ ಬಗೆಬಗೆಯ ಯಂತ್ರಗಳಿಂದ ಒಂದೊಂದನ್ನು ಹಿಚುಕಿ ನೋಡಬೇಕು. ಹೊಸ ಕರ್ನಲ್ ಕೂರಿಸಿದಾಗ ಹಳೆಯದನ್ನು ಲಿನಕ್ಸ್ ಒಡನೆ ಎಸೆಯುವುದಿಲ್ಲ. ಯಂತ್ರ ಏಳುವಾಗ ಪಟ್ಟಿಯಿಂದ ಅದನ್ನೇ ಆರಿಸಿ ಹಿಂದಿರುಗಲು ದಾರಿಯಿರುತ್ತದೆ.

ಕಾಯುವುದರ ಲಾಭಕ್ಕೆ ೨೦೨೪ರ ಮಾರ್ಚ್ ತಿಂಗಳಲ್ಲಿ ಇನ್ನೊಂದು ಸಾಕ್ಷಿ ದೊರೆಯಿತು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ವಿಶೇಷವಾಗಿ ರುಚಿಸೀತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಡೆಬಿಯನ್ನಿನ ಪರೀಕ್ಷಾ ಹಂತದ ಯಂತ್ರವೊಂದರಲ್ಲಿ ಬೇರಾವುದೋ ವೇಗವನ್ನು ಅಳೆಯುತ್ತಿದ್ದರು. ದೂರದಿಂದ ಒಳಬರುವ ಪ್ರಯತ್ನಕ್ಕೆ ೦.೩ ಸೆಕೆಂಡ್ ಹಿಡಿಯುತ್ತಿದ್ದುದು ೦.೮ ಸೆಕೆಂಡ್ ಹಿಡಿಯತೊಡಗಿತ್ತು. ಅರ್ಧ ಸೆಕೆಂಡನ್ನು ಯಾರು ತಾನೆ ಲೆಕ್ಕಿಸುತ್ತಾರೆ? ಇವರು ಲೆಕ್ಕಿಸಿದರು. ಬೆನ್ನಟ್ಟಿ ಹೋದಾಗ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಪ್ಯಾಕೇಜಿನ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದು ಅಡಗಿದ್ದುದು ಸಿಕ್ಕಿತು; ಮಾರ್ಚ್ ೨೯ರಂದು ಅದನ್ನು ಜಗತ್ತಿಗೆ ತಿಳಿಸಿದರು. ಅದನ್ನಿಟ್ಟದ್ದು ವರ್ಷಗಟ್ಟಲೆ ಸಜ್ಜನನಂತೆ ದುಡಿದು ಆ ಪ್ಯಾಕೇಜಿನ ಪಾಲಕನ ಸ್ಥಾನವನ್ನೇ ಗಳಿಸಿದ್ದ, ಜಿಯಾ ಟಾನ್ ಎಂಬ ಹೆಸರಿನ ಹಿಂದೆ ಅವಿತಿದ್ದ ಯಾರೋ. ಪ್ಯಾಕೇಜುಗಳಿಗೆ ಗಣಿತದ ಮುದ್ರೆ ಒತ್ತಿರುತ್ತಾರೆ. ದಾರಿಯಲ್ಲಿ ಯಾರಾದರೂ ಬಿಚ್ಚಿ ಕಲಬೆರಕೆ ಮಾಡಿದರೆ ಮುದ್ರೆ ಒಡೆದದ್ದು ಗೊತ್ತಾಗುತ್ತದೆ. ಇಲ್ಲಿ ಕಲಬೆರಕೆಯಾದದ್ದು ಮುದ್ರೆ ಬೀಳುವುದಕ್ಕೆ ಮೊದಲೇ. ಮುದ್ರೆ ಹೇಳುವುದು ಕಟ್ಟಿದವರು ಯಾರೆಂದು ಮಾತ್ರ. ಒಳಗಿರುವುದು ಅಮೃತವೋ ವಿಷವೋ ಎಂಬುದನ್ನಲ್ಲ. ಹೊಸತಿಗೆ ಆತುರಪಟ್ಟ ಪರೀಕ್ಷಾ ಹಂತದ ಆವೃತ್ತಿಗಳಿಗೆ ಈ ಪ್ಯಾಕೇಜ್ ತಲುಪಿತ್ತು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ.

ತೇಪೆಗೂ ಒಂದು ಕೊನೆಯುಂಟು. ಜಾಲತಾಣಗಳನ್ನು ಇರಿಸುವ ಸಂಸ್ಥೆಗಳು ಬಹುಕಾಲ ನೆಚ್ಚಿದ್ದ ಸೆಂಟ್‌ಒಎಸ್ ೭ ಎಂಬ ಲಿನಕ್ಸಿಗೆ ೨೦೨೪ರ ಜೂನ್ ೩೦ಕ್ಕೆ ಆಧಾರ ನಿಂತುಹೋಯಿತು. ಅಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಮುಂತಾದವು ಅದರ ಸ್ಥಾನಕ್ಕೆ ಬಂದಿವೆ. ಇಷ್ಟು ದೊಡ್ಡ ಬದಲಾವಣೆಯನ್ನು ಓಡುವ ಯಂತ್ರದ ಮೇಲೆ ಮಾಡಲು ಅನುಭವಿಗಳು ಒಪ್ಪುವುದಿಲ್ಲ. ಪಕ್ಕದಲ್ಲಿ ಹೊಸ ಸರ್ವರನ್ನು ನಿಲ್ಲಿಸಿ, ಜಾಲತಾಣವನ್ನು ಅದಕ್ಕೆ ನಕಲು ಮಾಡಿ, ಪರೀಕ್ಷಿಸಿ, ಬಳಿಕ ಜಾಲದ ವಿಳಾಸ ಪುಸ್ತಕದಲ್ಲಿ ವಿಳಾಸವನ್ನು ತಿದ್ದುತ್ತಾರೆ. ವಿಳಾಸದ ಹಳೆಯ ಪ್ರತಿಗಳು ಅಲ್ಲಲ್ಲಿ ಇನ್ನೂ ಉಳಿದಿರುವುದರಿಂದ ಕೆಲವು ಗಿರಾಕಿಗಳು ಗಂಟೆಗಟ್ಟಲೆ, ಒಮ್ಮೊಮ್ಮೆ ಒಂದೆರಡು ದಿನ, ಹಳೆಯ ಯಂತ್ರಕ್ಕೇ ಬರುತ್ತಿರುತ್ತಾರೆ. ಅಲ್ಲಿಯವರೆಗೆ ಎರಡನ್ನೂ ನಡೆಸುತ್ತಾರೆ. ಹಳೆಯದರ ದಿನಚರಿ ಕಡತದಲ್ಲಿ ಹೊಸ ಸಾಲು ಬೀಳುವುದು ನಿಂತ ಮೇಲೆ ಅದರ ವಿದ್ಯುತ್ತನ್ನು ಕಡಿಯುತ್ತಾರೆ.